ಒಂದೇ ಸಲಕ್ಕೆ ಪಾಸಾಗುತ್ತಿದ್ದ ಮನೆಗಾಡಿ

ನಮ್ಮ ಕಂಪನಿಯ ಮನೆಗಾಡಿ ನಾಲ್ಕು ವರ್ಷ, ಪ್ರತಿ ವರ್ಷವೂ ಒಂದೇ ಸಲಕ್ಕೆ, ವಾರ್ಷಿಕ ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಐದನೇ ವರ್ಷ ಫೇಲಾಯಿತು. ಫೇಲಾಗಲೆಂದೇ ಅದನ್ನು ತೆಗೆದುಕೊಂಡು ಹೋದವನು ನಾನು. ಇದನ್ನು ಹೇಳಿದರೆ ಇವತ್ತಿಗೂ ಜನ ನನ್ನನ್ನು ತಲೆ ಕೆಟ್ಟವನಂತೆ ನೋಡುತ್ತಾರೆ. ನೋಡಲಿ. ಆ ಗಾಡಿ ಪಾಸಾಗುತ್ತಿದ್ದ ಬಗೆಯನ್ನು ಒಮ್ಮೆ ಕೇಳಿ, ಆಮೇಲೆ ಯಾರ ತಲೆ ಕೆಟ್ಟಿತ್ತು ಎಂದು ನೀವೇ ಹೇಳಿ.

ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ಬೆಳಗಾದರೆ ಒಂದು ಹೊಸ ಗಾಜಿನ ಕಟ್ಟಡ ಕಾಣಿಸುತ್ತಿದ್ದ ದಿನಗಳು ಅವು. ಅಂಥದೊಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಕಂಪನಿ. ರಸ್ತೆಗಳ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವುದು ಅದರ ಕೆಲಸ. ಹಾಗೆ ಏರಿಸಬೇಕಾದರೆ ಯಾರಾದರೂ ರಸ್ತೆ ರಸ್ತೆ ಸುತ್ತಿ ಅಳೆದುಕೊಂಡು ಬರಬೇಕಲ್ಲ? ಅದಕ್ಕಾಗಿ ಒಂದು ಹಳೆಯ ಸ್ಟಾಫ್ ಬಸ್ಸನ್ನು ಮನೆ ಮಾಡಿಟ್ಟಿದ್ದರು. ಒಳಗೆ ನಾಲ್ಕು ಕಬ್ಬಿಣದ ಮಂಚ, ಅಡುಗೆ ಕಟ್ಟೆ, ಫ್ರಿಜ್, ಒಬ್ಬರು ನಿಲ್ಲುವಷ್ಟು ಶೌಚಾಲಯ, ಎರಡು ಕಂಪ್ಯೂಟರು, ಅವಕ್ಕೆ ಬ್ಯಾಟರಿಗಳ ಸಾಲು. ತೀರಾ ಹಿಂಬದಿಯಲ್ಲಿ ಜನರೇಟರು ಮತ್ತು ಐನೂರು ಲೀಟರಿನ ನೀರಿನ ಟ್ಯಾಂಕು. ನಾಲ್ವರು ಸರ್ವೆ ಹುಡುಗರು ಹುಡುಗಿಯರು ಇಪ್ಪತ್ತಿಪ್ಪತ್ತು ದಿನ ಅದರಲ್ಲೇ ಉಂಡು ಮಲಗಿ ಜಿಲ್ಲೆಗಳನ್ನು ಸುತ್ತುತ್ತಿದ್ದರು. ಕಂಪನಿಯ ಗಾಡಿಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಗ್ರೀಸು ಮೆತ್ತಿಕೊಂಡು ಪಳಗಿದ ಕೈ ನನ್ನದು; ಹೆಂಡತಿಗೆ ರೈಲ್ವೆಯಲ್ಲಿ ಕೋಲ್ಕತ್ತಕ್ಕೆ ವರ್ಗವಾದ್ದರಿಂದ ಇಲ್ಲಿಗೆ ಬಂದು, ನಾಲ್ಕಾರು ಕೆಲಸ ಬದಲಿಸಿ ಕಡೆಗೆ ಇದನ್ನು ಹಿಡಿದಿದ್ದೆ.

ಮನೆಗಾಡಿಯ ಡ್ರೈವರು ಐವತ್ತು ದಾಟಿದ ಬಂಗಾಳಿ. ಮಾತು ಕಡಿಮೆ. ನಾನು ಅವರನ್ನು ದಾದಾ ಅನ್ನುತ್ತಿದ್ದೆ, ಅವರೂ ನನ್ನನ್ನು ದಾದಾ ಅನ್ನುತ್ತಿದ್ದರು. ಅವರ ಹಿಂದಿ ಅರ್ಧ ಬಂಗಾಳಿ, ನನ್ನ ಹಿಂದಿ ಅರ್ಧ ಹುಬ್ಬಳ್ಳಿ. ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ನಾನು ಸೇರಿದಾಗ ಆ ವರ್ಷದ ಪರೀಕ್ಷೆ ಮುಗಿದಿತ್ತು. ಫೈಲು ತೆರೆದು ನೋಡಿದೆ. ನಾಲ್ಕು ಸರ್ಟಿಫಿಕೇಟು, ನಾಲ್ಕೂ ಮೊದಲ ಸಲಕ್ಕೇ. ಡಿಪೋದಲ್ಲಿ ಹೊಸ ಬಸ್ಸುಗಳಿಗೇ ಇಷ್ಟು ಸಲೀಸಾಗಿ ಪಾಸಾಗುವ ಭಾಗ್ಯ ಇರಲಿಲ್ಲ. ಅನುಮಾನ ಬರಬೇಕಿತ್ತು. ಬರಲಿಲ್ಲ. ಒಳ್ಳೆಯ ಗಾಡಿ ಸಿಕ್ಕಿತು ಎಂದು ಖುಷಿಪಟ್ಟೆ. ಈ ಕಥೆಯಲ್ಲಿ ನನ್ನ ಮೊದಲ ತಪ್ಪು ಅದು.

ಎರಡನೆಯದು ಯುಗಾದಿಯ ಮುಂದಿನ ಭಾನುವಾರದ್ದು. ಕೋಲ್ಕತ್ತದ ನಾವು ಹತ್ತು ಹನ್ನೆರಡು ಕನ್ನಡದ ಮನೆಯವರು ಹಬ್ಬದ ನೆಪದಲ್ಲಿ ಒಟ್ಟಿಗೆ ಹೊರಗೆ ಹೋಗುವ ರೂಢಿ. ನಮ್ಮ ಪ್ರಾಜೆಕ್ಟ್ ಮ್ಯಾನೇಜರು ಬೆಂಗಳೂರಿನವನು, ಮೂವತ್ತು ದಾಟದ ಹುರುಪಿನ ಹುಡುಗ. ಮನೆಗಾಡಿ ಸುಮ್ಮನೆ ನಿಂತಿದೆ, ಅದರಲ್ಲೇ ಹೋಗೋಣ ಎಂದು ಅವನೇ ಹೇಳಿದ. ಮಂಚಗಳ ಮೇಲೆ ಹೆಂಗಸರು ಮಕ್ಕಳೆಲ್ಲ ಕೂತರು. ಹೊರಡುವ ಮುಂಚೆ ಡ್ರೈವರ್ ದಾದಾ ನನ್ನನ್ನು ಪಕ್ಕಕ್ಕೆ ಕರೆದು, "ಇಷ್ಟೊಂದು ಜನವಾ ದಾದಾ?" ಅಂದರು. ನಾನು ಅವರ ಬೆನ್ನು ತಟ್ಟಿ, "ಪಾಸಾದ ಗಾಡಿ ದಾದಾ, ಯಾಕೆ ಹೆದರ್ತೀರಿ?" ಅಂದೆ. ಅವರು ಹೋಗಿ ಸ್ಟೇರಿಂಗ್ ಹಿಡಿದು ಕೂತರು.

ದಾರಿಯುದ್ದಕ್ಕೂ ಅವರು ಎತ್ತಿನ ಬಂಡಿಯ ಹಾಗೆ ಓಡಿಸಿದರು. ಪ್ರತಿ ಸೇತುವೆ ಇಳಿಯುವಾಗ ಎರಡನೇ ಗೇರು. ಇಲ್ಲೇ ಬೆಳೆದು, ಬಂಗಾಳಿಗಳಂತೆ ಕಾಕಾನನ್ನು ಕಾಕು ಅನ್ನುವ ನನ್ನ ಮಗಳು, "ಡ್ರೈವರ್ ಕಾಕು, ಸೈಕಲ್ ಭೀ ನಮ್ಮನ್ನ ಓವರ್‌ಟೇಕ್ ಮಾಡ್ತು!" ಎಂದು ಕೂಗಿ ಎಲ್ಲರನ್ನೂ ನಗಿಸಿದಳು. ನದಿಯ ದಂಡೆಯಲ್ಲಿ ಒಂದೇ ಒಂದು ದೊಡ್ಡ ಮರ, ಅದೂ ಇಳಿಜಾರಿನಲ್ಲಿ. ದಾದಾ ಮೇಲೆ ಬಯಲಲ್ಲೇ ನಿಲ್ಲಿಸುತ್ತೇನೆ ಅಂದರು. ಬಿಸಿಲಿಗೆ ಗಾಡಿ ಕಾಯುತ್ತದೆ, ನೆರಳಿಗೇ ಹಾಕಿ ಎಂದು ಹಟ ಹಿಡಿದವನು ನಾನು. ಒಳಗೆ ಎರಡು ಹಸುಗೂಸುಗಳು ಮಲಗಿದ್ದವು, ಅವಕ್ಕೆ ಎಸಿ ಬೇಕು, ಹಾಗಾಗಿ ಎಂಜಿನ್ ಕೂಡ ಆರಿಸಬೇಡಿ ಅಂದೆವು. ಹೋಳಿಗೆ, ಚಿತ್ರಾನ್ನ, ಮಾವಿನಕಾಯಿ ಗೊಜ್ಜು ಎಲ್ಲ ಬಡಿಸಿಟ್ಟು ಕರೆದರೂ ದಾದಾ ಕೆಳಗೆ ಇಳಿಯಲಿಲ್ಲ. "ಅವರ್ಯಾಕ ಕೆಳಗ ಇಳೀವಲ್ರು?" ಎಂದು ನನ್ನ ಹೆಂಡತಿ ಕೇಳಿದಳು. "ಎಸಿ ಗಾಳಿ ಸಿಕ್ಕೇತಿ, ಬಿಟ್ಟು ಎದಕ್ಕ ಬರ್ತಾರ?" ಅಂದೆ ನಾನು. ತಟ್ಟೆಯನ್ನು ಅವರ ಸೀಟಿಗೇ ಕಳಿಸಿದೆವು. ಸಂಜೆ ಮನೆ ಮುಟ್ಟಿ ಇಳಿದಾಗ ಅವರು ಕುಂಟುತ್ತಿದ್ದರು. ಕೂತು ಕೂತು ಕಾಲು ಜೋಮು ಹಿಡಿದಿದೆ ಎಂದು ಅದಕ್ಕೂ ನಕ್ಕೆವು.

ಮೇ ತಿಂಗಳಲ್ಲಿ ಫಿಟ್‌ನೆಸ್ ಮುಗಿಯುವುದಿತ್ತು. ಅದೇ ಹೊತ್ತಿಗೆ ಕಂಪನಿಗೆ ಉತ್ತರ ಬಂಗಾಳದ ಗುಡ್ಡದ ರಸ್ತೆಗಳ ಸರ್ವೆ ಸಿಕ್ಕಿತ್ತು. ಮಳೆ ಹಿಡಿಯುವ ಮುಂಚೆ ಮುಗಿಸಬೇಕು. ಅಲ್ಲಿಯವರೆಗೆ ಮನೆಗಾಡಿ ಬಯಲು ಸೀಮೆ ಬಿಟ್ಟು ಹೋಗಿರಲಿಲ್ಲ. ಸರ್ಟಿಫಿಕೇಟು ಕೈಗೆ ಬಂದ ಮೂರನೇ ದಿನ ಹೊರಡುವುದು ಎಂದು ಮ್ಯಾನೇಜರು ಬೋರ್ಡಿನ ಮೇಲೆ ಬರೆದೂ ಆಗಿತ್ತು.

ನಾನು ಡಿಪೋದ ಕ್ರಮದಲ್ಲೇ ತಯಾರಿ ಶುರು ಮಾಡಿದೆ. ವಿಮೆ, ತೆರಿಗೆ, ಹೊಗೆ ಪರೀಕ್ಷೆಯ ಕಾಗದ ಜೋಡಿಸಿದೆ. ಚಾಸಿಯ ಮೇಲೆ ಕೊರೆದ ನಂಬರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ದೀಪ, ಹಾರ್ನು, ವೈಪರು ನೋಡಿದೆ. ಆಮೇಲೆ ತಳದ ತಗಡು ತುಕ್ಕು ಹಿಡಿದಿದೆಯೇ ನೋಡೋಣ ಎಂದು ಒಳಗೆ ಹಾಸಿದ್ದ ರೆಕ್ಸಿನ್ ಎತ್ತಿದೆ. ತಗಡು ಜರಡಿಯಂತಿತ್ತು. ತುಕ್ಕಲ್ಲ. ಬೋಲ್ಟು ಹಾಕಲು ಕೊರೆದ ತೂತುಗಳು, ಸಾಲು ಸಾಲಾಗಿ, ನಾಲ್ಕು ನಾಲ್ಕರ ಗುಂಪಿನಲ್ಲಿ. ಒಂದು ಗುಂಪಿನ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಪ್ರತಿ ಸಲವೂ ಒಂದಿಷ್ಟು ಸರಿಸಿ ಕೊರೆದ ಹಾಗೆ. ಮಂಚಗಳ ಬೋಲ್ಟಿಗೂ ಇವಕ್ಕೂ ಸಂಬಂಧವೇ ಇಲ್ಲ.

ನಾನು ಮಂಡಿಯೂರಿ ಅದನ್ನೇ ನೋಡುತ್ತ ಕೂತಿದ್ದಾಗ ದಾದಾ ಬಾಗಿಲಲ್ಲಿ ನಿಂತು, ದಿನವೂ ಕೇಳುವ ಮಾತಿನಂತೆ ಕೇಳಿದರು: "ಸೀಟುಗಳು ಬುಧವಾರ ಬರ್ತಾವಾ ದಾದಾ?"

"ಯಾವ ಸೀಟು?"

ಅವರು ನನ್ನ ಮುಖ ನೋಡಿದರು. ನನಗೆ ನಿಜಕ್ಕೂ ಗೊತ್ತಿಲ್ಲ ಎಂದು ಆಗ ಅವರಿಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದರು.

ನೋಂದಣಿ ಪುಸ್ತಕದಲ್ಲಿ ಈ ಗಾಡಿ ಇನ್ನೂ ಇಪ್ಪತ್ತಾರು ಸೀಟಿನ ಸ್ಟಾಫ್ ಬಸ್ಸು. ಮನೆ ಮಾಡಿದ್ದನ್ನು ಯಾರೂ ಬರೆಸಿಯೇ ಇಲ್ಲ. ಅದಕ್ಕೇ ಪ್ರತಿ ವರ್ಷ ಪರೀಕ್ಷೆಯ ಹಿಂದಿನ ದಿನ ಒಂದು ಗ್ಯಾರೇಜಿನವರು ಬರುತ್ತಾರೆ. ಮಂಚ, ಫ್ರಿಜ್, ಬ್ಯಾಟರಿ, ಜನರೇಟರು, ಟ್ಯಾಂಕು ಎಲ್ಲ ಇಳಿಸುತ್ತಾರೆ. ಇಪ್ಪತ್ತಾರು ಬಾಡಿಗೆ ಸೀಟು ತಂದು ಬೋಲ್ಟು ಬಿಗಿಯುತ್ತಾರೆ. ಜೊತೆಗೆ ಆರು ಒಳ್ಳೆಯ ಟೈರು, ಬೆಂಕಿ ಆರಿಸುವ ಸಿಲಿಂಡರು, ಔಷಧಿ ಪೆಟ್ಟಿಗೆ. ಮನೆಗಾಡಿ ಒಂದು ದಿನದ ಮಟ್ಟಿಗೆ ಬಸ್ಸಾಗುತ್ತದೆ, ಸಾಲಿನಲ್ಲಿ ನಿಲ್ಲುತ್ತದೆ, ಪಾಸಾಗುತ್ತದೆ. ಮರುದಿನ ಸೀಟು, ಟೈರು ಎಲ್ಲ ಇನ್ನೊಬ್ಬರ ಗಾಡಿಗೆ ಹೋಗುತ್ತವೆ, ನಮ್ಮ ಮಂಚಗಳು ಒಳಗೆ ಬರುತ್ತವೆ.

ನನಗೆ ಮೈ ಉರಿಯಿತು. ಕಳ್ಳತನ ಮಾಡಿದವರ ಮೇಲೆ ಸಿಟ್ಟು ಒಂದು ಕಡೆ. ನಾಲ್ಕು ಸರ್ಟಿಫಿಕೇಟು ನೋಡಿ ಹಿಗ್ಗಿದ ನನ್ನ ಮೇಲೆ ಇನ್ನೊಂದು ಕಡೆ. ಪರೀಕ್ಷೆ ಮಾಡಿದ್ದು ಹಗುರಾದ ಖಾಲಿ ಬಸ್ಸನ್ನು. ರಸ್ತೆಯಲ್ಲಿ ಓಡುತ್ತಿದ್ದದ್ದು ನೀರು, ಕಬ್ಬಿಣ, ಬ್ಯಾಟರಿ ತುಂಬಿದ, ಯಾವ ಪರೀಕ್ಷಕನೂ ಒಮ್ಮೆಯೂ ಕಣ್ಣಿಂದ ನೋಡದ ಬೇರೆಯೇ ಗಾಡಿ.

"ಬ್ರೇಕ್ ಹೇಗಿದೆ ದಾದಾ? ಖರೆ ಹೇಳಿ," ಅಂದೆ.

ಅವರು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಎರಡು ಮರದ ಕೊರಡು ತೆಗೆದು ತೋರಿಸಿದರು. ಮೂರು ಮೂಲೆಯ, ಚಕ್ರಕ್ಕೆ ಒಡ್ಡುವ ಕೊರಡುಗಳು. ಟೈರಿನ ಗುರುತು ಅವುಗಳ ಮೈತುಂಬ ಕಚ್ಚಿಕೊಂಡಿತ್ತು. "ಹ್ಯಾಂಡ್‌ಬ್ರೇಕ್ ಸಮ ನೆಲದಲ್ಲಿ ಹಿಡಿಯುತ್ತೆ. ಇಳಿಜಾರಲ್ಲಿ ಇವು ಬೇಕು. ಕಾಲಿನ ಬ್ರೇಕು ಮೊದಲ ಸಲ ಹಿಡಿಯುತ್ತೆ. ಬಿಸಿಯಾದ ಮೇಲೆ ಮೆತ್ತಗಾಗುತ್ತೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಿಮಗಿಂತ ಮುಂಚೆ ಇದ್ದ ಇಬ್ಬರಿಗೂ ಹೇಳಿದೆ. ಪಾಸಾದ ಗಾಡಿ, ಯಾಕೆ ಹೆದರ್ತೀಯ ಅಂದರು." ಅವರು ನನ್ನತ್ತ ನೋಡದೆ ಕೊರಡುಗಳನ್ನು ವಾಪಸ್ ಇಟ್ಟರು. "ಕಾಗದದಲ್ಲಿ ಪಾಸ್ ಅಂತ ಬರೆದ ಮೇಲೆ ಡ್ರೈವರ್ ಮಾತು ಯಾರು ಕೇಳ್ತಾರೆ ದಾದಾ?"

ಅದೇ ಮಾತನ್ನು ನಾನೂ ಆಡಿದ್ದೆ, ಬೆನ್ನು ತಟ್ಟಿ.

ಸಿಟ್ಟಿಗೆ ಅಳತೆ ಬೇಕು, ಇಲ್ಲದಿದ್ದರೆ ಅದು ಬರೀ ಕೂಗಾಟ. ಮರುದಿನ ಮರಳು ಲಾರಿಗಳನ್ನು ತೂಗುವ ಒಂದು ವೇಬ್ರಿಡ್ಜಿಗೆ ಹೋದೆವು. ಟ್ಯಾಂಕು ತುಂಬಿಸಿ, ಸರ್ವೆಯವರ ಸಾಮಾನೆಲ್ಲ ಹೇರಿ, ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳನ್ನಷ್ಟೇ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿದೆ. ಒಟ್ಟು ತೂಕ ಮಿತಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಭಾರವೆಲ್ಲ ಹಿಂಬದಿಯಲ್ಲಿ ಕೂತಿತ್ತು. ಹಿಂದಿನ ಆಕ್ಸಲ್ಲು ಹೊರಬೇಕಾದ್ದಕ್ಕಿಂತ ಹನ್ನೊಂದು ಕ್ವಿಂಟಲ್ ಜಾಸ್ತಿ ಹೊತ್ತಿತ್ತು. ಮುಂದಿನ ಚಕ್ರಗಳಿಗೆ ಭಾರವೇ ಇಲ್ಲ. ಸ್ಟೇರಿಂಗ್ ಯಾಕೆ ಗಾಳಿಯಲ್ಲಿ ತಿರುಗಿದಂತೆ ಆಡುತ್ತಿತ್ತು ಎಂದು ಆಗ ತಿಳಿಯಿತು.

ಅಲ್ಲಿಂದ ನ್ಯೂ ಟೌನ್‌ಗೆ. ಮನೆಗಳು ಏಳುವ ಮುಂಚೆಯೇ ಅಲ್ಲಿ ಅಗಲವಾದ ರಸ್ತೆ ಹಾಸಿಬಿಟ್ಟಿದ್ದರು. ಬೆಳಿಗ್ಗೆ ಹಸುಗಳು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ರಸ್ತೆಗೆ ಅಡ್ಡ ಸುಣ್ಣದ ಗೆರೆ ಎಳೆದು ಟೇಪು ಹಿಡಿದು ನಿಂತೆ. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಒತ್ತಿದರೆ ಹದಿಮೂರು ಮೀಟರಿನೊಳಗೆ ನಿಲ್ಲಬೇಕು. ಮೊದಲ ಸಲ ಹತ್ತೊಂಬತ್ತಕ್ಕೆ ನಿಂತಿತು. ಎರಡನೇ ಸಲ ಇಪ್ಪತ್ತು. ಐದನೇ ಸಲ ಇಪ್ಪತ್ತಾರಕ್ಕೆ ಹೋಗಿ ನಿಂತಿತು, ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನಿಂದ ಸುಟ್ಟ ವಾಸನೆ ಎದ್ದಿತ್ತು. ಇದು ಸಪಾಟು ರಸ್ತೆ, ಐದೇ ಸಲ. ಗುಡ್ಡದಿಂದ ಇಳಿಯುವಾಗ ಐವತ್ತು ಸಲ ಒತ್ತಬೇಕು.

ಟೇಪು ಸುತ್ತಿಕೊಂಡು ನೇರ ಮ್ಯಾನೇಜರನ ಕ್ಯಾಬಿನ್ನಿಗೆ ಹೋದೆ. ತೂಕದ ಚೀಟಿ, ಅಳತೆ ಬರೆದ ಹಾಳೆ ಮೇಜಿನ ಮೇಲಿಟ್ಟೆ. ಅವನು ಓದಿದ. ಓದಲಿಲ್ಲ ಅನ್ನಲಾರೆ.

"ಸಾರ್, ಏನ್ ಸಾರ್ ನೀವು! ನಾಲ್ಕ್ ವರ್ಷದಿಂದ ನಡೀತಿರೋ ಕೆಲ್ಸ. ಸೀಟ್ ಹಾಕ್ಸಿ, ಪಾಸ್ ಮಾಡ್ಸಿ, ತೆಗ್ಸಿ. ಒಂದಿನದ ಮ್ಯಾಟ್ರು."

"ಅಲ್ರೀ, ಪಾಸ್ ಆಗೂದು ಯಾವ ಗಾಡಿ, ಗುಡ್ಡಾ ಇಳಿಯೂದು ಯಾವ ಗಾಡಿ?"

"ಎರಡೂ ಒಂದೇ ನಂಬರ್ ತಾನೆ ಸಾರ್?"

"ನಂಬರ್ ಗುಡ್ಡಾ ಇಳಿಯಂಗಿಲ್ರಿ. ಇಳಿಯೂದು ಗಾಡಿ. ಒಳಗ ನಾಲ್ಕ ಮಂದಿ ಮಕ್ಕಳು ಮಲ್ಕೊಂಡಿರ್ತಾರ."

"ಈಗ ರಿಪೇರಿ ಅಂತ ಕೂತ್ರೆ ಒಂದ್ ತಿಂಗ್ಳು ಹೋಗತ್ತೆ. ಮಳೆ ಶುರುವಾದ್ರೆ ಪ್ರಾಜೆಕ್ಟೇ ಮುಳುಗ್ತು. ಕ್ಲೈಂಟಿಗೆ ನಾನ್ ಏನಂತ ಹೇಳ್ಲಿ?"

"ಬ್ರೇಕ್ ಹತ್ತವಲ್ದು ಅಂತ ಹೇಳ್ರಿ."

"ಸ್ವಲ್ಪ ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ ಸಾರ್," ಅಂದ ಅವನು, ತಗ್ಗಿದ ದನಿಯಲ್ಲಿ, ನನಗೆ ಬುದ್ಧಿ ಹೇಳುವ ಹಿರಿಯನಂತೆ. ನನ್ನ ಅರ್ಧ ವಯಸ್ಸಿನ ಹುಡುಗ. ಇಪ್ಪತ್ತಾರು ಸುಳ್ಳು ಸೀಟು ಹೊಂದಿಸುವುದು ಪ್ರಾಕ್ಟಿಕಲ್ಲಂತೆ, ಬ್ರೇಕು ಹಾಕಿಸುವುದು ಅಲ್ಲವಂತೆ! ಚೀಟಿ, ಹಾಳೆ ಎತ್ತಿಕೊಂಡು ಹೊರಗೆ ಬಂದೆ.

ಆಗಲ್ಲ ಎಂದು ನಾನು ಕೈ ಕಟ್ಟಿ ಕೂತರೆ ಏನಾಗುತ್ತದೆ ಎಂಬುದು ಸ್ಪಷ್ಟವಾಗಿತ್ತು. ಬುಧವಾರ ಗ್ಯಾರೇಜಿನವರು ನನ್ನನ್ನು ಬಿಟ್ಟು ಬರುತ್ತಾರೆ, ಗುರುವಾರ ಗಾಡಿ ಪಾಸಾಗುತ್ತದೆ, ಭಾನುವಾರ ಗುಡ್ಡಕ್ಕೆ ಹೋಗುತ್ತದೆ. ಅದನ್ನು ತಡೆಯುವ ಶಕ್ತಿ ಇದ್ದದ್ದು ಒಂದೇ ವಸ್ತುವಿಗೆ: ಅಂಥದೇ ಇನ್ನೊಂದು ಸರ್ಕಾರಿ ಕಾಗದ. ಈ ಗಾಡಿಯ ಬ್ರೇಕು ಸರಿಯಿಲ್ಲ ಎಂದು ಮುದ್ರೆಯೊತ್ತಿ ಬರೆದ ಕಾಗದ. ಹಾಗಾಗಿ ಸೀಟು ಬರುವ ಮುಂಚೆಯೇ, ಮಂಗಳವಾರವೇ, ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ಪರೀಕ್ಷೆಗೆ ಒಯ್ಯುವುದು ಎಂದು ತೀರ್ಮಾನಿಸಿದೆ. ಟ್ಯಾಂಕು ತುಂಬಿಸಿ, ಅಕ್ಕಿ ಬೇಳೆ ಡಬ್ಬಿಗಳ ಸಮೇತ.

"ದಾದಾ, ನನ್ನ ಕೆಲಸ?" ಎಂದು ಕೇಳಿದರು ಡ್ರೈವರು. ಅವರಿಗೆ ಕಾಲೇಜಿಗೆ ಹೋಗುವ ಮಗಳಿದ್ದಳು. ನನ್ನ ಆದೇಶದ ಮೇಲೆ ಗಾಡಿ ಒಯ್ಯುತ್ತಿದ್ದಾರೆ ಎಂದು ಬರೆದು ಸಹಿ ಹಾಕಿ ಅವರ ಜೇಬಿಗಿಟ್ಟೆ. ಅವರು ಅದನ್ನು ಎರಡು ಸಲ ಮಡಿಸಿ, ಲೈಸೆನ್ಸಿನ ಒಳಗೆ ಸೇರಿಸಿಕೊಂಡರು.

ಮಂಗಳವಾರ ಬೆಳಿಗ್ಗೆ ಆರಕ್ಕೇ ಪರೀಕ್ಷೆಯ ಮೈದಾನದಲ್ಲಿ ನಲವತ್ತು ಗಾಡಿಗಳ ಸಾಲು. ಲಾರಿ, ಟ್ಯಾಕ್ಸಿ, ಸ್ಕೂಲ್ ಬಸ್ಸು. ನಮ್ಮ ಕಣ್ಣೆದುರೇ ಒಂದೇ ಬೆಂಕಿ ಸಿಲಿಂಡರು, ಹೊಟ್ಟೆಯ ಮೇಲೆ ತಗ್ಗು ಬಿದ್ದದ್ದು, ಮೂರು ಗಾಡಿ ಹತ್ತಿ ಇಳಿದದ್ದನ್ನು ನೋಡಿದೆ. ಸಿಲಿಂಡರಿಗೆ ಪಾಸಾಗಿ ಪಾಸಾಗಿ ಸುಸ್ತಾಗಿರಬೇಕು.

ಪರೀಕ್ಷಕರು ತೆಳ್ಳನೆಯ ಮನುಷ್ಯ, ಕಂಕುಳಲ್ಲಿ ಕೊಡೆ. ಬಾಗಿಲು ತೆಗೆದು ಒಳಗೆ ಇಣುಕಿ ಹಾಗೇ ನಿಂತರು. "ಪುಸ್ತಕದಲ್ಲಿ ಬಸ್ ಅಂತಿದೆ. ಇಲ್ಲಿ ಮಂಚ ಇದೆ."

"ಹೌದು ಸಾರ್, ಅದನ್ನು ತೋರಿಸಲಿಕ್ಕೇ ತಂದಿದ್ದೇನೆ."

"ಸೀಟು ಇಲ್ಲ ಅಂತ ಬರೆದುಕೊಡ್ತೀನಿ. ಹಾಕಿಸಿಕೊಂಡು ಬನ್ನಿ." ಪೆನ್ನು ತೆಗೆದೇ ಬಿಟ್ಟರು.

ಈ ಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ. ಸೀಟಿಲ್ಲ ಎಂಬ ಒಂದೇ ದೋಷ ಬರೆದರೆ ಆಯಿತಲ್ಲ, ಬುಧವಾರ ಸೀಟು ಬರುತ್ತವೆ, ಗುರುವಾರ ದೋಷ ನಿವಾರಣೆಯಾಗುತ್ತದೆ! ಬ್ರೇಕು ನೋಡಿ ಸಾರ್ ಎಂದು ಅಂಗಲಾಚಿದೆ. ಫೇಲ್ ಮಾಡಿ ಎಂದು ಕೈ ಮುಗಿದು ಕೇಳುವ ಗತಿ ನನಗೆ ಬಂದಿತ್ತು. ಹಿಂದಿನ ಲಾರಿಯವರು ಹಾರ್ನು ಬಾರಿಸತೊಡಗಿದರು. ಟೈಮಿಲ್ಲ, ಸೀಟು ಹಾಕಿಸಿ, ಆಮೇಲೆ ಬ್ರೇಕು ಎಂದು ಪರೀಕ್ಷಕರು ತಿರುಗಿದರು.

ಆಗ ಡ್ರೈವರ್ ದಾದಾ ಕೆಳಗೆ ಇಳಿದು ಅವರ ಎದುರು ನಿಂತರು. ಸಾಲಿನಲ್ಲಿದ್ದ ಅಷ್ಟೂ ಡ್ರೈವರುಗಳು ನೋಡುತ್ತಿದ್ದರು. "ಸಾರ್, ನಾಲ್ಕು ವರ್ಷದಿಂದ ನಾನೇ ಓಡಿಸೋದು. ನಾಲ್ಕು ಸಲವೂ ನಾನೇ ಇಲ್ಲಿಗೆ ತಂದದ್ದು. ಪ್ರತಿ ಸಲ ಬೇರೆ ಗಾಡಿ ತಂದೆ. ಇವತ್ತು ನನ್ನ ಗಾಡಿ ತಂದಿದ್ದೀನಿ. ಒಂದು ಸಲ ನೋಡಿ."

ಪರೀಕ್ಷಕರು ಪೆನ್ನು ಜೇಬಿಗಿಟ್ಟು, ಮೈದಾನದಲ್ಲಿ ಬ್ರೇಕು ಒತ್ತಲೆಂದು ಎಳೆದಿದ್ದ ಗೆರೆಯಿಂದ ಹೆಜ್ಜೆ ಹಾಕಿ ಅಳೆದು, ಗಾಡಿ ನಿಲ್ಲಬೇಕಾದ ಜಾಗದಲ್ಲಿ ಗುರುತಿಗೆ ತಮ್ಮ ಕೊಡೆಯನ್ನೇ ಅಡ್ಡ ಮಲಗಿಸಿ, ಪಕ್ಕಕ್ಕೆ ಸರಿದು ಕೈ ಬೀಸಿದರು.

ದಾದಾ ಬಂದರು. ಗೆರೆಯ ಮೇಲೆ ಬ್ರೇಕು ಒತ್ತಿದ್ದು ನನಗೆ ಕಂಡಿತು. ಒಳಗೆ ಪಾತ್ರೆಗಳು ಉರುಳಿದ ಸದ್ದು. ಗಾಡಿ ಬಂತು, ಬಂತು, ಕೊಡೆಯ ಕಡ್ಡಿಗಳು ಪಟಪಟ ಮುರಿದವು, ಅದನ್ನೂ ದಾಟಿ ಒಂದು ಕಾರಿನುದ್ದ ಮುಂದೆ ಹೋಗಿ ನಿಂತಿತು. ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಪರೀಕ್ಷಕರು ನಗಲಿಲ್ಲ. ಕೊಡೆ ಹೋದ ಸಿಟ್ಟಿಗೋ, ನಾಲ್ಕು ವರ್ಷದ ಸಹಿಗಳು ನೆನಪಾಗಿಯೋ, ಗಾಡಿಯ ಕೆಳಗೆ ಬಗ್ಗಿ ಅರ್ಧ ಗಂಟೆ ನೋಡಿದರು. ಎಡಗಡೆಯ ಸ್ಪ್ರಿಂಗಿನ ಪಟ್ಟಿಗಳಲ್ಲಿ ಮೂರನೆಯದು ಬಿರುಕು ಬಿಟ್ಟದ್ದನ್ನು ಹುಡುಕಿದವರು ಅವರೇ, ನನಗೂ ತಪ್ಪಿಹೋಗಿತ್ತು. ಏಳು ದೋಷ ಬರೆದರು. ಮೊದಲನೆಯದು ಬ್ರೇಕು, ಎರಡನೆಯದು ಹ್ಯಾಂಡ್‌ಬ್ರೇಕು. ಗಾಡಿ ರಸ್ತೆಗೆ ಇಳಿಯಕೂಡದು ಎಂದು ಕೆಳಗೆ ಗೆರೆ ಎಳೆದು ಮುದ್ರೆ ಒತ್ತಿದರು.

"ನಾನು ಎದುರಿಗೆ ನಿಂತ ಗಾಡಿಗೆ ಸಹಿ ಹಾಕ್ತೀನಿ," ಅಂದರು ಕಾಗದ ಕೊಡುತ್ತ. "ನೀವು ಎದುರಿಗೆ ತರಬೇಕು." ಸಮರ್ಥನೆಯೋ ಬೈಗುಳವೋ ತಿಳಿಯಲಿಲ್ಲ. ಎದುರಿಗೆ ತಂದರೂ ಆ ತಳದ ತೂತುಗಳನ್ನು ನಾಲ್ಕು ವರ್ಷ ಯಾರೂ ನೋಡಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಕೈಗೆ ಬಂದ ಕಾಗದವನ್ನು ಮಡಿಸಿ ಜೇಬಿಗಿಟ್ಟೆ.

ಮುದ್ರೆ ಬಿದ್ದ ಕಾಗದ ನೋಡಿ ಮ್ಯಾನೇಜರು ಬೋರ್ಡಿನ ಮೇಲಿನ ತಾರೀಖು ಅಳಿಸಿ ರಿಪೇರಿಗೆ ಒಪ್ಪಬೇಕಾಯಿತು. ಆಮೇಲಿನ ನಾಲ್ಕು ವಾರ ಬರೀ ಕೆಲಸ. ದೊಡ್ಡ ಟ್ಯಾಂಕು ತೆಗೆದು ನೂರೈವತ್ತು ಲೀಟರಿನದನ್ನು ಎರಡು ಆಕ್ಸಲ್ಲುಗಳ ನಡುವೆ ಹಾಕಿಸಿದೆ. ಜನರೇಟರು ಚಿಕ್ಕದಾಯಿತು, ಬ್ಯಾಟರಿಗಳು ಮುಂದಿನ ಮಂಚಗಳ ಕೆಳಗೆ ಬಂದವು. ಬ್ರೇಕಿನ ಡ್ರಮ್ಮುಗಳನ್ನು ಲೇತಿನಲ್ಲಿ ಹೆರೆಸಿ, ಹೊಸ ಲೈನಿಂಗು ಕೂರಿಸಿ, ಸ್ಪ್ರಿಂಗು ಬದಲಿಸಿದೆ. ಹ್ಯಾಂಡ್‌ಬ್ರೇಕಿನ ಕೇಬಲ್ಲು ಪೂರ್ತಿ ಹೊಸದು. ಗಾಡಿಯ ಒಳಗಿನ ನಕ್ಷೆ ಬರೆಸಿ, ಬಸ್ಸಲ್ಲ, ಮಲಗುವ ವ್ಯವಸ್ಥೆಯ ವಿಶೇಷ ವಾಹನ ಎಂದು ಬದಲಾಯಿಸಲು ಅರ್ಜಿ ಕೊಟ್ಟೆ. ಎಷ್ಟು ಸಲ ಮೆಟ್ಟಿಲು ಹತ್ತಿದೆನೋ ನೆನಪಿಲ್ಲ.

ಎರಡನೇ ಸಲ ಒಯ್ದಾಗ ಮತ್ತೆ ಫೇಲು. ಅಡುಗೆ ಗ್ಯಾಸಿನ ಸಿಲಿಂಡರನ್ನು ಮಂಚದ ಕೆಳಗೇ ಇಟ್ಟಿದ್ದೀರಲ್ಲ, ರಾತ್ರಿ ಸೋರಿದರೆ ಮಲಗಿದವರ ಗತಿ ಏನು ಎಂದು ಅದೇ ಪರೀಕ್ಷಕರು ಕೇಳಿದರು. ಬ್ರೇಕಿನ ಸಿಟ್ಟಿನಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಹೊರಗಿನಿಂದ ಬಾಗಿಲು ತೆರೆಯುವ ಬೇರೆ ಗೂಡು ಮಾಡಿಸಿ, ಮೂರನೇ ಸಲಕ್ಕೆ ಪಾಸು ಮಾಡಿಸಿಕೊಂಡು ಬಂದೆ. ಆ ಸಲ ಅವರು ಹೊಸ ಕೊಡೆಯನ್ನು ಕಂಕುಳಲ್ಲೇ ಇಟ್ಟುಕೊಂಡು ಗುರುತಿಗೆ ಒಂದು ಇಟ್ಟಿಗೆ ಇಟ್ಟಿದ್ದರು. ಗಾಡಿ ಇಟ್ಟಿಗೆಗಿಂತ ಒಂದು ಮಾರು ಮುಂಚೆಯೇ 'ಟಕ್' ಎಂದು ನಿಂತಿತು.

ಮಳೆ ಶುರುವಾಗಿತ್ತು. ಗುಡ್ಡದ ಸರ್ವೆ ಮುಂದಿನ ಚಳಿಗಾಲಕ್ಕೆ ಹೋಯಿತು. ಸರ್ವೆಯ ನಾಲ್ವರು ಬೇಸರದಿಂದ ಬ್ಯಾಗು ಬಿಚ್ಚಿದರು. ತಿಂಗಳ ಕೊನೆಗೆ ನನ್ನ ಕೆಲಸದ ಮೌಲ್ಯಮಾಪನ. ಮ್ಯಾನೇಜರು ಕಂಪ್ಯೂಟರಿನ ಪರದೆ ನನ್ನತ್ತ ತಿರುಗಿಸಿದ. ವಾಹನಗಳ ಪಟ್ಟಿಯಲ್ಲಿ ಒಂದು ಸಾಲು: ಮೊದಲ ಸಲಕ್ಕೆ ಪಾಸಾಯಿತೇ? ನಾಲ್ಕು ವರ್ಷ ಹಸಿರು ಚೌಕ, ಹೌದು, ಹೌದು, ಹೌದು, ಹೌದು. ನನ್ನ ವರ್ಷ ಕೆಂಪು. ಇಲ್ಲ.

"ಹೆಡ್ ಆಫೀಸಲ್ಲಿ ಇದನ್ನೇ ನೋಡೋದು ಸಾರ್," ಅಂದ. ಪಾಪ, ಅವನಿಗೂ ಮುಜುಗರವಾಗಿತ್ತು. "ಬೇಕಾದ್ರೆ ಮೊದಲ್ನೇ ಎರಡು ಸಲ ಲೆಕ್ಕಕ್ಕೆ ತಗೊಳ್ಳಲ್ಲ. ಹಸಿರು ಮಾಡ್ಬಿಡ್ಲಾ? ಯಾರಿಗೂ ಗೊತ್ತಾಗಲ್ಲ."

"ಬ್ಯಾಡ್ರಿ. ಇರ್ಲಿ ಕೆಂಪು. ಇಡೀ ಸಾಲಿನ್ಯಾಗ ಖರೇ ಬರದದ್ದು ಅದೊಂದ ಐತಿ."

ಧಡಧಡ ಕೆಳಗೆ ಇಳಿದು ಬಂದೆ. ದಾದಾ ಗಾಡಿ ಒರೆಸುತ್ತಿದ್ದರು. ನಡೆದದ್ದನ್ನೆಲ್ಲ ಅವರ ಮುಂದೆ ಕಾರಿಕೊಂಡೆ. ಅವರು ಬಟ್ಟೆ ಹಿಂಡಿ ಹಾಕಿ, ಸೀಟಿನ ಕೆಳಗಿನಿಂದ ಆ ಎರಡು ಕೊರಡು ತೆಗೆದು ನನ್ನ ಕೈಗಿಟ್ಟರು. "ಇನ್ನು ಬೇಡ ದಾದಾ. ನೀವೇ ಇಟ್ಟುಕೊಳ್ಳಿ. ಇವು ಎಲ್ಲ ಕಡೆ ಹಿಡಿದವು, ಒಂದು ಸಲ ಬಿಟ್ಟು."

"ಯಾವಾಗ?"

"ನಿಮ್ಮ ಹಬ್ಬದ ದಿನ. ನದಿ ದಂಡೆಯಲ್ಲಿ. ಮರಳು ಮಿಶ್ರಿತ ಮಣ್ಣು, ಮರದ ಕೆಳಗೆ. ಕೊರಡು ಜಾರುತ್ತಿತ್ತು. ಎಸಿಗೆ ಎಂಜಿನ್ ಓಡುತ್ತಿತ್ತು, ಗೇರಿನಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಮಕ್ಕಳು ಇಳಿಜಾರಿನ ಕಡೆಯಲ್ಲೇ ಆಡುತ್ತಿದ್ದರು, ನಿಮ್ಮ ಮಗಳೂ ಇದ್ದಳು. ಮೊದಲು ನಿಮ್ಮನ್ನು ಕೂಗೋಣ ಅಂದುಕೊಂಡೆ." ಅವರು ತಲೆ ತಗ್ಗಿಸಿ ಬಕೆಟ್ಟಿನಲ್ಲಿ ಬಟ್ಟೆ ಅದ್ದಿದರು. "ಆಮೇಲೆ, ಪಾಸಾದ ಗಾಡಿ ಅಂತೀರಿ ಅನ್ನಿಸಿತು. ಕಾಲಿಟ್ಟುಕೊಂಡು ಕೂತುಬಿಟ್ಟೆ."

ಹನ್ನೊಂದು ಗಂಟೆಗೆ ಅಲ್ಲಿ ಗಾಡಿ ನಿಲ್ಲಿಸಿದ್ದು. ನಾವು ಹೊರಟಾಗ ಮೂರೂವರೆ. ಅಷ್ಟು ಹೊತ್ತೂ ಅವರ ಬಲಗಾಲು ಬ್ರೇಕಿನ ಮೇಲಿತ್ತು. ಹೋಳಿಗೆ ಬೇಕೇ ಎಂದು ಕೇಳಲು ನನ್ನ ಹೆಂಡತಿ ಎರಡು ಸಲ ಹೋಗಿದ್ದಳು. ಎರಡನೇ ಸಲ ವಾಪಸ್ ಬಂದು, ಮುಖ ಬೆವತು ನೀರಾಗಿದೆ, ಎಸಿಯೊಳಗೆ ಕೂತು ಹೀಗ್ಯಾಕೆ ಬೆವರುತ್ತಾರೆ ಎಂದಿದ್ದಳು. ನಾನು ಆಗ ಬಾಳೆಲೆಯ ಮುಂದೆ ಕೂತು ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.